ಎಡಗಡೆಯವರೆಲ್ಲ ಇರಲಿ

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ನಮ್ಮದು ಎರಡು ಟೇಬಲ್ಲಿನ ಆಫೀಸು.
ಇನ್ನು ಮೂರು ಟೇಬಲ್ಲು ಕಂಪ್ಯೂಟರಿನೊಳಗಿವೆ:
ಒಂದು ಹೆಸರಿಗೆ, ಒಂದು ದಿನದ ತೂಕಕ್ಕೆ,
ಒಂದು ಕೂಲಿಯ ದರಕ್ಕೆ.
ಒಂದಕ್ಕೊಂದು ಮಾತುಕತೆ ಇಲ್ಲ,
ಟೋಕನ್ ನಂಬರಿನಲ್ಲಷ್ಟೇ ನೆಂಟಸ್ತಿಕೆ.

'ಎಲ್ಲಾ ಒಂದೇ ಪುಟದಲ್ಲಿ ಕಾಣಬೇಕಮ್ಮ,' ಅಂದರು ರೈಟರು,
'ಬಟವಾಡೆ ದಿನ ಅವರೇ ನೋಡ್ಕೊಳ್ಳಲಿ.'

ಪುಟದ ಅಚ್ಚು ಮಾಡಿದೆ.
ಬಾಗಿದ ಆವರಣಗಳ ಒಳಗೆ 'ಹೆಸರು' ಎಂದು ಬರೆದರೆ
ಅದು ಯಾರ ಹೆಸರೂ ಅಲ್ಲ;
ಬಳೆ ಅಂಗಡಿಯ ಮರದ ಕೈ,
ಯಾರ ಬಳೆಯನ್ನೂ ತೊಡುತ್ತದೆ.

ಸಂಜೆ ಐದಕ್ಕೆ ಗುಂಡಿ ಒತ್ತಿದೆ.
ಬಂದರು:
ಮುತ್ತುಪೇಚಿ, ಹಾಜಿರಾಬಿ, ಲೂಸಿ ಪಿಂಟೊ, ಕೆಂಚಮ್ಮಣ್ಣಿ,
ಹೆಸರಿನ ಮುಂದೆ ಕಿಲೋ, ಕಿಲೋ ಮುಂದೆ ರೂಪಾಯಿ.
ಎಣಿಸಿದೆ. ನಲವತ್ತೊಂದು.
ಶೆಡ್ಡಿನಲ್ಲಿ ಮೊರ ಕೊಡವುತ್ತಿದ್ದವರು
ನಲವತ್ಮೂರು.

ಎರಡೂ ಕಡೆ ಸಿಕ್ಕವರನ್ನಷ್ಟೇ ಕರೆಯುವ ಕೂಡಿಕೆ ಅದು.
ಸಿಗದವರ ಬಗ್ಗೆ
ಕೆಂಪಕ್ಷರದ ಒಂದು ಗೊಣಗೂ ಇಲ್ಲ.

ಜೈಬುನ್ನಿಸಾ ಬೇಗ ಸಿಕ್ಕಿದಳು:
ಅವಳ ನಂಬರಿನ ಸೊನ್ನೆಗೆ ನಾನೇ ಓ ಒತ್ತಿದ್ದೆ.
ಎರಡೂ ದುಂಡಗೆ, ಪೀಬೆರಿ ಕಾಳಿನ ಹಾಗೆ.

ಇನ್ನೊಬ್ಬಳು ಚೆನ್ನಾಜಮ್ಮ.
ಹೆಸರು ಸರಿ, ನಂಬರು ಸರಿ.
ತೂಕದ ಟೇಬಲ್ಲಿನಲ್ಲಿ ಮಾತ್ರ
ಮೂರು ವರ್ಷಕ್ಕೆ ಒಂದು ಸಾಲೂ ಇಲ್ಲ.

ಕಾಟಾದ ಮುಂದೆ ನಿಲ್ಲುವವಳು ಅವಳೇ.
'ಹನ್ನೊಂದೂ ಇನ್ನೂರು!' ಎಂದು
ಕಿಟಕಿಯಿಂದ ನನಗೆ ಕೂಗಿ ಹೇಳುವವಳು.
ನಾನು ತುಂಬಿದ ಒಂದೊಂದು ತೂಕವೂ
ಅವಳ ಗಂಟಲಿನಿಂದ ಬಂದದ್ದು.
ಅವಳ ಕೂಲಿಯನ್ನು ಈವರೆಗೆ ರೈಟರು
ಲೆಡ್ಜರಿನ ಕೊನೆ ಹಾಳೆಯಲ್ಲಿ, ಪೆನ್ಸಿಲಿನಲ್ಲಿ.

ಕೂಡಿಕೆ ಬದಲಿಸಿದೆ:
ಎಡಗಡೆಯವರೆಲ್ಲ ಇರಲಿ,
ಬಲಗಡೆ ಏನಿದ್ದರೂ, ಇಲ್ಲದಿದ್ದರೂ.
ಅವಳ ಸಾಲು ಬಂತು.
ಹೆಸರು. ಆಮೇಲೆ ಬಿಳಿ. ಆಮೇಲೆ ಬಿಳಿ.

'ಅದು ಚೆನ್ನಾಗಿ ಕಾಣಲ್ಲ, ಸೊನ್ನೆ ಹಾಕಿಬಿಡಿ.'
ಸೊನ್ನೆ ಅಂದರೆ ತೂಗಿದೆವು,
ಏನೂ ಇರಲಿಲ್ಲ ಅಂತ, ಸಾರ್.
ಇವಳನ್ನು ನಾವು ತೂಗಿಯೇ ಇಲ್ಲ.
ರೈಟರು ಕನ್ನಡಕ ಒರೆಸಿಕೊಂಡರು,
ಟೀ ತರಿಸಿದರು.

ಬಟವಾಡೆ ದಿನ ಚೆನ್ನಾಜಮ್ಮ
ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು.
'ಇದೇನಾ ನಂದು?'
ಹೌದು.
ಖಾಲಿ ಜಾಗದ ಮೇಲೆ ಬೆರಳಿಟ್ಟಳು, 'ಇಲ್ಲೆಷ್ಟು?'

ಕಾಫಿ ಹೊಟ್ಟಿನ ಆ ಗುರುತು
ಗಾಜಿನ ಮೇಲೆ ಇನ್ನೂ ಇದೆ.
ನಾಲ್ಕನೆಯ ಟೇಬಲ್ಲು ತೆರೆದು ಕೂತಿದ್ದೇನೆ,
ಅದಕ್ಕೆ ಏನು ಹೆಸರಿಡಲಿ ಗೊತ್ತಾಗುತ್ತಿಲ್ಲ.