ಜಾಣ ಕಿವುಡು

ಅಂಬಳೆಯ ಶೆಡ್ಡಿನಲ್ಲಿ ಮೊದಲ ಹಣ್ಣಿನ ವಾರ.
ಮಿಲ್ಲಿಂಗ್ ಮೆಷಿನ್ನಿನ ಕೈಚಕ್ರಕ್ಕೆ ಹೋಗುವ ಕೇಬಲ್ಲನ್ನು
ರಾತ್ರಿ ಇಲಿ ತಿಂದು ಹೋಗಿದೆ.
ಗೇಟಿನಾಚೆ ಮೂರು ಜೀಪು, ಮೂರು ಪಲ್ಪರು,
ಒಂದರ ಮೇಲೆ ಇನ್ನೂ ಒದ್ದೆ ಕಾಫಿಸಿಪ್ಪೆ, ಹುಳಿ ವಾಸನೆ.
ಪುಣೆಗೆ ಫೋನು: ಮೂವತ್ತೆಂಟು ಸಾವಿರ, ಆರು ವಾರ.
ಪಿಂಟೋ ಸಾವ್ಕಾರ್ರು ಫೋನಿಟ್ಟು
ಇಲಿಯ ಅಮ್ಮನನ್ನು ಬೈದರು.

ತಸ್ಲೀಮಾ, ಐಟಿಐ ಮುಗಿಸಿ ಆರು ತಿಂಗಳು,
ಊಟದ ಚೀಲದಿಂದ ತೆಗೆದಳು
ತಮ್ಮ ಆಡುವ ಕಪ್ಪು ಆಟಿಕೆ:
ಎರಡು ಕೊಂಬು, ಎರಡು ಅಣಬೆ, ನಾಲ್ಕು ಬಣ್ಣದ ಗುಂಡಿ.
"ಇದರಲ್ಲೇ ಓಡಿಸೋಣ ಆಚಾರ್ರೇ."
ನಾನು ನಕ್ಕೆ. ನಲವತ್ತೊಂದು ವರ್ಷ
ಕಬ್ಬಿಣದ ಚಕ್ರ ತಿರುಗಿಸಿ
ಬಲ ಭುಜ ಒಂದು ಬೆರಳು ಕೆಳಗಿಳಿದವನು;
ಮಾರ್ಕೆಟ್ ರೋಡಿನ ಟೈಲರ್ ಮಕ್ಬೂಲ್
ಅಳತೆ ಪುಸ್ತಕದಲ್ಲಿ ಅದನ್ನೂ ಬರೆದುಕೊಳ್ಳುತ್ತಾನೆ.

ಮಧ್ಯಾಹ್ನದ ತನಕ ಪರದೆಯ ಮುಂದೆ ಕೂತಳು.
ಎಡ ಅಣಬೆಗೆ ಉದ್ದ ಅಗಲ, ಬಲದ್ದಕ್ಕೆ ಆಳ.
ತೋರುಬೆರಳಿನ ಗುಂಡಿ ಒತ್ತಿ ಹಿಡಿದರೆ ಮಾತ್ರ ಚಲನೆ,
ಬಿಟ್ಟರೆ ಇದ್ದಲ್ಲೇ ನಿಲ್ಲಬೇಕು.
ಒತ್ತಿ ಹಿಡಿದಳು.
ಅಣಬೆ ಮುಟ್ಟಿರಲಿಲ್ಲ. ಆದರೂ
ಐನೂರು ಕೆಜಿಯ ಮೇಜು ಎಡಕ್ಕೆ ತೆವಳಿತು,
ನಿದ್ದೆಗಣ್ಣಲ್ಲಿ ಎದ್ದ ಎಮ್ಮೆಯ ಹಾಗೆ.

ನಾನು ಕೆಂಪು ಗುಂಡಿ ಗುದ್ದಿದೆ.
"ನಮ್ಮ ಅಯಾನ್‌ದು ಕಾರಿನ ಆಟ," ಅಂದಳು,
"ಎಡ ತಿರುವೇ ಜಾಸ್ತಿ. ಕಡ್ಡಿ ಆ ಕಡೆಗೇ ವಾಲಿಬಿಟ್ಟಿದೆ.
ಮೆಷಿನ್ನನ್ನ ಒಂಚೂರು ಕಿವುಡು ಮಾಡಬೇಕು ಈಗ.
ಸಣ್ಣಪುಟ್ಟದ್ದು ಕೇಳಿಸಬಾರದು,
ನಿಜವಾಗಿ ಕರೆದರೆ ಮಾತ್ರ ಓಗೊಡಬೇಕು."

ಜಾಣ ಕಿವುಡು ಅನ್ನು, ಅಂದೆ.
ಅದನ್ನು ನಾನು ಕಲಿತದ್ದು ಈ ಶೆಡ್ಡಿನಲ್ಲೇ:
ಪ್ರೆಸ್ಸಿನ ಬಡಿತಕ್ಕೆ ಅರ್ಧ ಕಿವಿ ಹೋಯಿತು, ಉಳಿದರ್ಧ
ಸಾವ್ಕಾರ್ರ ಮಾತಿಗೆ ನಾನೇ ಮುಚ್ಚಿಕೊಂಡೆ.
"ಎಷ್ಟು ಕಿವುಡು?"
"ನೂರಕ್ಕೆ ಹನ್ನೆರಡು."

ಆಮೇಲೆ ಕೈಗೆ ಕೊಟ್ಟಳು. ಹಗುರ.
ಬೇರೆಯವರ ಮಗುವನ್ನು ಹಿಡಿದಂತೆ ಹಿಡಿದೆ.
ಹಳೇ ಚಕ್ರಕ್ಕೆ ಹಲ್ಲಿತ್ತು, ಟಿಕ್ ಅಂದರೆ ಹತ್ತು ಮೈಕ್ರಾನು,
ಕರೆಂಟು ಹೋದಾಗಲೂ ಲೆಕ್ಕ ತಪ್ಪುತ್ತಿರಲಿಲ್ಲ.
ಇದು ರಬ್ಬರು, ಏನೂ ಹೇಳುವುದಿಲ್ಲ.
ಜೇಬಿನಿಂದ ಮೂಡಿಗೆರೆ ಬಸ್ಸಿನ ಟಿಕೆಟ್ ತೆಗೆದು
ಪಲ್ಪರಿನ ತಟ್ಟೆಯ ಮೇಲಿಟ್ಟೆ.
ಎಡಗೈಯಲ್ಲಿ ಟಿಕೆಟ್ ಆಡಿಸುತ್ತ,
ಬಲಗೈ ಹೆಬ್ಬೆರಳಲ್ಲಿ ಒಂದೊಂದೇ ಒತ್ತುತ್ತ
ಟೂಲನ್ನು ಇಳಿಸಿದೆ.
ಜಾರಿತು. ಜಾರಿತು. ಇನ್ನೂ ಜಾರಿತು.
ಹಿಡಿಯಿತು.
ಕಾಗದ ಬೆರಳನ್ನು ತಿರುಗಿ ಎಳೆಯುವ ಆ ಸಣ್ಣ ಹಟ,
ಅದು ಮಾತ್ರ ಹಳೆಯದೇ.

ಸಂಜೆ ಅಯಾನ್ ಸೈಕಲ್ಲಿನಲ್ಲಿ ಬಂದ, ತನ್ನದನ್ನು ಕೇಳಲು.
ಮೂರನೇ ತಟ್ಟೆ ಮೇಜಿನ ಮೇಲಿತ್ತು.
ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದ.
"ಗೆದ್ದರೆ ಏನಾಗುತ್ತೆ?"
ಹಣ್ಣಿನ ಸಿಪ್ಪೆ ಸುಲಿಯುತ್ತಪ್ಪ, ಬೀಜಕ್ಕೆ ಗಾಯ ಆಗಲ್ಲ.
"ಅಷ್ಟೇನಾ?
ಮತ್ತೆ, ನನ್ನದು ಯಾವಾಗ ಕೊಡ್ತೀರ?"

ನನಗೆ ಕೇಳಿಸಲಿಲ್ಲ.
ಗೇಟಿನಾಚೆ ನಾಲ್ಕನೇ ಜೀಪು ಹಾರ್ನ್ ಹೊಡೆಯಿತು.
ಅದು ಕೇಳಿಸಿತು.