ಮೇಣದ ಹದ

ಮಾಘದ ಚಳಿಗೆ ಮೇಣ ಸೆಟೆದು ಬಿರಿಯುತ್ತದೆ,
ಎರಡು ಬೊಟ್ಟು ತುಪ್ಪ ಹೆಚ್ಚಿಗೆ ಹಾಕಿ ನಾದುತ್ತಾನೆ ತೇಜರತ್ನ.
ಜ್ಯೇಷ್ಠದಲ್ಲಿ ಅದೇ ಮೇಣ ಬೆರಳಿಗಂಟಿ ಜೋಲುತ್ತದೆ,
ಆಗ ತುಪ್ಪ ಇಲ್ಲ, ಧೂಪದ ರಾಳ ಜಾಸ್ತಿ.
ಪಾಟನ್ನಿನ ಈ ಇಟ್ಟಿಗೆ ಅಂಗಳದಲ್ಲಿ
ಐವತ್ತೆರಡು ವರ್ಷ ಇವನ ಜೊತೆ ಬಾಳಿದ್ದೇನೆ.
ಮೇಣಕ್ಕೆ ಅವನು ತೋರುವ ದಯೆಯನ್ನು
ನನ್ನ ಮೊಣಕಾಲಿಗೆ ನಾನು ತೋರಲು
ಇಷ್ಟು ತಡವಾಯಿತು.

ಬೆಳಗಿನ ಐದೂವರೆಗೆ ಬಹಾಲಿನಲ್ಲಿ ಯೋಗ.
ಕಲಿಸುವವಳು ರೋಜಿನಾ, ಇಪ್ಪತ್ತನಾಲ್ಕರ ಹುಡುಗಿ,
ಬೆನ್ನು ನೀರುಹಾವಿನ ಹಾಗೆ.
"ಅಜಿ, ಪದ್ಮಾಸನ" ಎಂದಳು ಮೊದಲ ದಿನ.
ಎಡಗಾಲು ಬಂತು.
ಬಲಗಾಲು, ಮುನಿಸಿಕೊಂಡ ನಾದಿನಿಯ ಹಾಗೆ,
ಎಷ್ಟು ಕರೆದರೂ ಹೊಸಿಲು ದಾಟಲಿಲ್ಲ.

ನಾಚಿಕೆಯಾಯಿತು, ಸುಳ್ಳೇಕೆ.
ಇದೇ ಕಾಲು ಹಿಟಿಯ ಮೆಟ್ಟಿಲಿಳಿದು
ಕಲ್ಲು ಮೊಸಳೆಯ ಬಾಯಿಗೆ ಕೊಡವೊಡ್ಡಿ
ಸೊಂಟದಲ್ಲೊಂದು ಕೈಯಲ್ಲೊಂದು
ಏದುಸಿರಿಲ್ಲದೆ ಹತ್ತಿ ಬಂದದ್ದು.
ಅದನ್ನು ಯಾರೂ ವ್ಯಾಯಾಮ ಅನ್ನಲಿಲ್ಲ,
ಸೊಸೆಯ ಕೆಲಸ ಅಂದರು.

ಆಮೇಲೆ ಮೊದಲ ಹೆರಿಗೆ. ಬಿಸಿಲಿಗೆ ಚಾಪೆ ಹಾಸಿ
ಅಷ್ಟಮಾಯಾ ಅಜಿ ಸಾಸಿವೆ ಎಣ್ಣೆಯಲ್ಲಿ ಮೆಂತ್ಯ ಕರಿದು
ಹೊಟ್ಟೆಯಿಂದ ಬೆನ್ನಿಗೆ, ಬೆನ್ನಿಂದ ಹಿಮ್ಮಡಿಗೆ
ಬರಿದಾದ ಮೈಯನ್ನು ಸೀರೆಯಂತೆ ಮತ್ತೆ ಮಡಿಚಿಟ್ಟಳು.
ಮೂರು ಹೊತ್ತೂ ಓಮದ ಸಾರು.
"ಏನೂ ಮಾಡಬೇಡ, ಸುಮ್ಮನೆ ಬಿದ್ದಿರು" ಎಂದಳು.
ಅದಕ್ಕಿಂತ ಕಷ್ಟದ ಆಸನವನ್ನು
ಇಂದಿಗೂ ಯಾರೂ ನನಗೆ ಕಲಿಸಿಲ್ಲ.

ನಲವತ್ತೆಂಟರಲ್ಲಿ ಅದೇ ಎಣ್ಣೆ
ಮೈಗೆ ಕೆಂಡವಾಯಿತು.
ನಡುರಾತ್ರಿ ಎದ್ದು ಬರೀ ಇಟ್ಟಿಗೆಗೆ
ಕೆನ್ನೆಯೊತ್ತಿ ಮಲಗುತ್ತಿದ್ದೆ.
ವೈದ್ಯ ವಜ್ರಾಚಾರ್ಯರು ನಾಡಿ ಹಿಡಿದು ನಕ್ಕರು:
"ಋತು ನಿಂತಿತು ಅಂದುಕೊಂಡೆಯಾ, ಹೀರಾಕೇಶರಿ?
ನಿಂತಿಲ್ಲ, ಬದಲಾಗಿದೆ."
ಎಣ್ಣೆ ಬದಲಿಸಿದರು, ಉಪ್ಪಿನಕಾಯಿ ಬಿಡಿಸಿದರು,
ಓಡುತ್ತಿದ್ದವಳನ್ನು ನಡೆಯುವಂತೆ ಮಾಡಿದರು.
ಉಪ್ಪಿನಕಾಯಿ ಪೂರ್ತಿ ಬಿಟ್ಟಿಲ್ಲ,
ತೇಜರತ್ನನ ಕಿವಿಗೆ ಬೀಳದಿರಲಿ.

ಭೂಮಿ ನಡುಗಿದ ವರ್ಷ
ಹದಿನೇಳು ರಾತ್ರಿ ಟಾರ್ಪಾಲಿನ ಕೆಳಗೆ.
ಮೂರು ಮನೆಗೆ ಒಂದೇ ಚಾಪೆ,
ಕೈ ಚಾಚಲೂ ಜಾಗವಿಲ್ಲ.
ಉಸಿರು ಒಳಗೆ, ಉಸಿರು ಹೊರಗೆ.
ನನ್ನ ಬಳಿ ಉಳಿದದ್ದು ಅಷ್ಟೇ, ಮಾಡಿದ್ದೂ ಅಷ್ಟೇ.
ಯಾರದೋ ಮಗು ನನ್ನ ಹೊಟ್ಟೆಯ ಏರಿಳಿತಕ್ಕೆ
ತಲೆಯಿಟ್ಟು ನಿದ್ದೆ ಹೋಯಿತು.

ಈಗ ಎಪ್ಪತ್ತೊಂದು.
ಎಪ್ಪತ್ತೇಳು ವರ್ಷ ಏಳು ತಿಂಗಳು ಏಳು ದಿನಕ್ಕೆ
ಮಕ್ಕಳು ಜಂಕು ಮಾಡುತ್ತಾರಂತೆ.
ಅಲ್ಲಿಯವರೆಗೆ ಈ ಕೀಲು ಬೇಕಲ್ಲ.

ಮರುದಿನ ರೋಜಿನಾ ಬಿದಿರಿನ ಸ್ಟೂಲು ತಂದಿಟ್ಟಳು.
ಕೂತೆ, ಕಾಲು ಇಳಿಬಿಟ್ಟು, ಸೋತವಳ ಹಾಗೆ.
ಮನೆಗೆ ಬಂದರೆ ಹಲಗೆಯ ಮೇಲೆ ಸಾಲಾಗಿ
ಮೇಣದ ಬುದ್ಧರು, ಎಲ್ಲರೂ ಪದ್ಮಾಸನದಲ್ಲಿ.
ಹೊಟ್ಟೆ ಉರಿಯಿತು.
"ನಿನ್ನ ಈ ಗಂಡಸರಿಗೆ ಮೊಣಕಾಲೇ ನೋಯುವುದಿಲ್ಲವಲ್ಲ!"

ತೇಜರತ್ನ ಕನ್ನಡಕ ಹಣೆಗೇರಿಸಿ
ಮೂಲೆಯಿಂದ ಒಬ್ಬನನ್ನು ಎತ್ತಿಕೊಟ್ಟ.
ಕಿವಿ ಇನ್ನೂ ಮೂಡಿಲ್ಲ, ಬೆರಳು ಬಿಡಿಸಿಲ್ಲ,
ಪೀಠದ ಮೇಲೆ ಕೂತು ಎರಡೂ ಕಾಲು ಇಳಿಬಿಟ್ಟಿದ್ದಾನೆ.
"ಮೈತ್ರೇಯ" ಎಂದ, "ಇನ್ನು ಬರಬೇಕಾದವನು.
ಹೀಗೂ ಕೂರುತ್ತಾನೆ."

ಯಾಕೆ ಎಂದೆ.
ಬೇಗ ಎದ್ದು ಬರಲು ಅನುಕೂಲ ಇರಬೇಕು ಎಂದ.
ನನಗೆ ಬೇರೆಯೇ ಅನುಮಾನ.
ಅವನ ಬಲಮೊಣಕಾಲನ್ನು
ಹೆಬ್ಬೆರಳಿಂದ ಮೆಲ್ಲಗೆ ಒತ್ತಿ ನೋಡಿದೆ.
ಬೆಚ್ಚಗಿದ್ದ ಮೇಣ ಒಂದಿಷ್ಟು ತಗ್ಗಿತು.
"ಅಯ್ಯೋ, ಕೆಡಿಸಿದೆ" ಎಂದ ತೇಜರತ್ನ.

ಹಾಗೇ ಇರಲಿ ಬಿಡು, ಎಂದೆ.