ಐಸ್ ಡಬ್ಬಿ ಗಾಡಿ

ಹದಿನೆಂಟು ಸಾವಿರ.
ಹತ್ತಿ ಜಿನ್ನಿನವರು ಕೊಟ್ಟ ಕ್ಯಾಲೆಂಡರಿನ ಹಾಳ್ಯಾಗ ಸುತ್ತಿ
ಕುಬಸದೊಳಗ ಇಟ್ಟಿದ್ದೆ. ಮಾರ್ಚ್ ತಿಂಗಳ ಹಾಳಿ.
ರಾಯಚೂರಾಗ ಮಾರ್ಚ್ ಅಂದ್ರ
ಒಂಬತ್ತಕ್ಕ ಡಾಂಬರು ಚಪ್ಪಲಿ ಹಿಡೀತದ.

ಜೊತಿಗೆ ರಜಾಕ ಬಂದಿದ್ದ, ನಮ್ಮ ಓಣಿ ಹುಡುಗ,
ಸ್ಟೇಷನ್ ರೋಡಿನ ಗ್ಯಾರೇಜಿನಾಗ ಪಾನಾ ಹಿಡಿಯಾಂವ.
"ಅಕ್ಕಾ, ಬಣ್ಣ ನೋಡಬ್ಯಾಡ, ಬಣ್ಣ ಮುನ್ನೂರಕ್ಕ ಸಿಗತದ.
ಇಂಜಿನ್ ಮ್ಯಾಲ ಕೈ ಇಡು.
ನಾವು ಹೋಗೋದ್ರಾಗ ಬಿಸಿ ಇತ್ತಂದ್ರ
ಥಂಡಿ ಇದ್ದಾಗ ಅದು ಏಳಂಗಿಲ್ಲ ಅಂತ ತಿಳಿ."

ಆಶಾಪುರ ರೋಡಿನ ಮೊಪೆಡ್ಡಿಗೆ ಕೈ ಇಟ್ಟೆ.
ಜ್ವರ ಬಂದ ಕೂಸಿನ ಹಣಿ.
ಬಿಸಿಲವ್ವ, ಬಿಸಿಲು, ಅಂದ ಮಾಲೀಕ ಗೋವರ್ಧನಪ್ಪ.
ಗಾಡಿ ನಿಂತದ್ದು ಬೇವಿನ ಗಿಡದ ನೆಳ್ಳಾಗ.
ನಾ ನಕ್ಕೆ, ಅವನೂ ನಕ್ಕ, ಚಾ ತರಿಸಿದ.
ಕುಡಿದು ಎದ್ದು ಬಂದ್ವಿ.

ಶಕ್ತಿನಗರದ್ದು ನಾಕು ತಿಂಗಳಿಂದ ನಿಂತದ್ದು.
ಸೀಟಿನ ಮ್ಯಾಲ ಕರೆಂಟಿನ ಕಾರ್ಖಾನಿ ಬೂದಿ,
ಬೆರಳು ಆಡಿಸಿದ್ರ ಗೆರಿ ಮೂಡತಿತ್ತು.
ಮಗಳು ಯಶೋಧರಾ ಅದರ ಮ್ಯಾಲ ತನ್ನ ಹೆಸರು ಬರದು
ಸಾಲಿ ಪುಸ್ತಕದ ಚಿತ್ರ ನೆನಸಿಕೊಂಡ್ಲು:
ಮುಂದ ಎರಡು ಪಟ್ಟಿ, ಹಿಂದ ರಬ್ಬರಿನ ಪಟ್ಟಾ, ಚಕ್ರ ಇಲ್ಲ,
ತುಪ್ಪಳದ ಟೊಪ್ಪಿಗಿ ಹಾಕ್ಕೊಂಡ ಮನುಷ್ಯ, ಸುತ್ತೆಲ್ಲ ಬಿಳಿ.
"ಅವರು ಐಸ್ ಮ್ಯಾಲ ಗಾಡಿ ಓಡಸ್ತಾರಬೇ,
ನೀ ಗಾಡಿ ಮ್ಯಾಲ ಐಸ್ ಓಡಸ್ತಿ."
ಅಲ್ಲೂ ಸೆಕೆಂಡ್ ಹ್ಯಾಂಡ್ ಸಿಗತಾವೇನು, ಕೇಳಿದೆ.
ಪುಸ್ತಕದಾಗ ರೇಟು ಬರದಿಲ್ಲ, ಅಂದ್ಲು.
ಇಲ್ಲಿ ಬರದಿತ್ತು: ಇಪ್ಪತ್ತಾರು. ಒಂದು ರೂಪಾಯಿ ಇಳಿಯಲಿಲ್ಲ.

ಗಂಜಿನ ಹಿಂದ, ಖಾಜಾ ಹುಸೇನ ಸಾಬರ ಅಂಗಳ.
ಕಣ್ಣಿಗೆ ಪೊರಿ ಬಂದು ಧಂದೆ ಬಿಟ್ಟವರು.
ಒಂಬತ್ತನೇ ಕಿಕ್ಕಿಗೆ ಎದ್ದಿತು ಗಾಡಿ,
ಎದ್ದು ಅಂಗಳದ ಕೋಳಿಗಳನ್ನ ಹೊಗ್ಯಾಗ ಮುಚ್ಚಿತು.
ಮಡ್ಗಾರ್ಡಿಗೆ ತಂತಿ ಕಟ್ಟು. ಟಾಯರು ಬೋಳು.
ಕಾಗದ ಅವರ ಹೆಸರಿಲೇ ಅದ, ಅದೊಂದು ಪುಣ್ಯ.
ರಜಾಕ ನನ್ನ ಕಡಿ ನೋಡಿ ತಲಿ ಅಲ್ಲಾಡಿಸಿದ:
"ರಿಂಗ್ ಹೋಗ್ಯಾವ. ನಡಿ ಅಕ್ಕಾ."

ನಾ ಡಬ್ಬಿ ಮುಚ್ಚಳ ಎತ್ತಿ ನಿಂತಿದ್ದೆ.
ಎರಡು ತಗಡು, ನಡುವ ರೈಸ್ ಮಿಲ್ಲಿನ ಹೊಟ್ಟು
ಕುಟ್ಟಿ ಕುಟ್ಟಿ ತುಂಬ್ಯಾರ.
ಬಾಯಿ ಸುತ್ತ ಸೈಕಲ್ ಟ್ಯೂಬಿನ ಅಂಚು, ಹೊಲದದ್ದು,
ಹೊಲಿಗಿ ಒಂದೂ ತಪ್ಪಿಲ್ಲ.
ಯಾರು ಮಾಡಿದ್ದು? ನಾನೇ, ಅಂದ್ರು,
ಮತ್ತೇನೂ ಹೇಳಲಿಲ್ಲ.

ಹತ್ತು ರೂಪಾಯಿ ಐಸ್ ತರಿಸಿ ಒಳಗಿಟ್ಟೆ.
ಸಾಬರು ನಮಾಜಿಗೆ ಹೋದ್ರು.
ನಾವು ಗ್ವಾಡಿಗೆ ಒರಗಿ ಕುಂತ್ವಿ. ಬಿಸಿಲು ಕಾಲ ಮ್ಯಾಲ ಬಂತು,
ಕಾಲು ಎಳಕೊಂಡ್ವಿ, ಮತ್ತ ಬಂತು.
ಅವರು ತಿರುಗಿ ಬಂದ ಮ್ಯಾಲ ತೆಗೆದು ನೋಡಿದ್ರ
ಐಸಿನ ಮೂಲಿ ಇನ್ನೂ ಚೂಪ ಇದ್ವು.

"ಇಂಜಿನ್ ಅಕ್ಕಾ, ಇಂಜಿನ್," ರಜಾಕ ಸಿಟ್ಟಾದ.
ಇಂಜಿನ್ ಕೆಟ್ಟರ ತಳ್ಳತೀನಿ ತಮ್ಮಾ,
ಐಸ್ ಕರಗಿದ್ರ ಏನು ತಳ್ಳಲಿ?

ಹತ್ತೊಂಬತ್ತೂವರಿ ಅಂದ್ರು ಸಾಬರು.
ಮಾರ್ಚ್ ತಿಂಗಳು ಬಿಚ್ಚಿ ಮುಂದಿಟ್ಟೆ.
ಕಣ್ಣು ಕಾಣದವರು ಬೆರಳಿಲೇ ಎಣಿಸಿದ್ರು, ಎರಡು ಸಲ.
ಐದುನೂರರ ಒಂದು ನೋಟು ತಿರುಗಿ ಕೊಟ್ಟು
"ಟಾಯರ್ ಹಾಕಿಸು ಬೇಟಿ" ಅಂದ್ರು.
ಹ್ಯಾಂಡಲ್ಲಿನ ಗಂಟಿ ಮಾತ್ರ ಬಿಚ್ಚಿಕೊಂಡ್ರು.
ಅದು ಮಾರೋದಲ್ಲಂತ.

ತೀನ್ ಕಂದೀಲಿನ ಹತ್ರ ಗಾಡಿ ಕೆಟ್ಟಿತು.
ಮಾತಾಡಿದ್ರ ರಜಾಕ ಗೆದ್ದಂಗ ಆಗತದಂತ
ಮೂವರೂ ಬಾಯಿ ಮುಚ್ಚಿಕೊಂಡು ತಳ್ಳಿದ್ವಿ.
ಹಂಪು ಬಂದಾಗೊಮ್ಮೆ ಡಬ್ಬ್ಯಾಗ
ಆ ಹತ್ತು ರೂಪಾಯಿ ಐಸು
ತಗಡಿಗೆ ಬಡಿದು ಟಕ್ ಅನ್ನತಿತ್ತು.
ಯಶೋಧರಾ ಪ್ರತಿ ಸಲ ಕಿವಿ ಹಚ್ಚಿ,
"ಅದ, ಇನ್ನೂ ಅದ," ಅಂತಿದ್ಲು.